ಇನ್‌ಡಿಸೈನ್‌ನಲ್ಲಿ ಪರಿವಿಡಿ: ನಾನು ಕೂರಿಸುವ ರೀತಿ

ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಶುರು ಮಾಡಿ 20 ವರ್ಷದ ಮೇಲಾಯಿತು. ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಕವನ ಸಂಕಲನ, ಪಿಎಚ್‌ಡಿ ಪ್ರಬಂಧ, ಎಲ್ಲ ಬರುತ್ತವೆ. ಆದರೆ ಪರಿವಿಡಿ ಅಂದ ತಕ್ಷಣ ನನಗೆ ನೆನಪಾಗುವುದು ಒಂದು ಅಭಿನಂದನ ಗ್ರಂಥ.

ನಿವೃತ್ತ ಮೇಷ್ಟ್ರೊಬ್ಬರಿಗೆ ಅವರ ಹಳೆಯ ವಿದ್ಯಾರ್ಥಿಗಳು ಮಾಡಿಸಿದ್ದು. ಪುಸ್ತಕದ ಅಳತೆ ಡೆಮಿ 1/8, 47 ಲೇಖನ, 500 ಪ್ರತಿ. ಪೂರ್ತಿ ಕೂರಿಸಿದಾಗ 308 ಪುಟ ಬಂತು. ಅಚ್ಚಿನ ಲೆಕ್ಕದಲ್ಲಿ 16 ಪುಟಕ್ಕೆ ಒಂದು ಫಾರಂ. ಪ್ರೆಸ್ಸಿನವರು ಫೋನ್ ಮಾಡಿ, ‘ಹತ್ತೊಂಬತ್ತು ಫಾರಂ ಮೇಲೆ ಕಾಲು ಫಾರಂ ಆಗ್ತಿದೆ. ಇನ್ನು ನಾಲ್ಕು ಪುಟ ಏನಾದ್ರೂ ತುಂಬಿಸಿ, ಅರ್ಧ ಫಾರಂ ಆಗುತ್ತೆ’ ಅಂದರು. ಸಮಿತಿಯವರು ಅವತ್ತೇ ಸಂಜೆ ಒಂದಿಷ್ಟು ಫೋಟೋ ತಂದುಕೊಟ್ಟರು. 96ನೇ ಪುಟ ಆದ ಮೇಲೆ ನಾಲ್ಕು ಪುಟ ಸೇರಿಸಿದೆ. ರಾತ್ರಿ ಹನ್ನೊಂದಕ್ಕೆ ಪಿಡಿಎಫ್ ಕಳಿಸಿ ಮಲಗಿದೆ.

ಪರಿವಿಡಿಯನ್ನು ಮಾತ್ರ ನಾನು ಮೂರು ದಿನ ಮೊದಲೇ ಕೈಯಿಂದ ಟೈಪ್ ಮಾಡಿ ಇಟ್ಟಿದ್ದೆ.

ಬಿಡುಗಡೆಯ ದಿನ ನಾನೂ ಹೋಗಿದ್ದೆ. ಊಟದ ಹೊತ್ತಿಗೆ ಮೇಷ್ಟ್ರು ಪುಸ್ತಕ ಹಿಡಿದುಕೊಂಡು ಬಂದರು. ‘ಏನಮ್ಮಾ, ಇಲ್ಲಿ ನೂರಾ ಎಂಬತ್ತೇಳು ಅಂತ ಇದೆ. ಅಲ್ಲಿ ತೆಗೆದ್ರೆ ಯಾರದ್ದೋ ಪದ್ಯ ಬರ್ತಿದೆಯಲ್ಲ?’ ಅಂದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. 96ರ ನಂತರದ ಒಂದೊಂದು ಅಂಕಿಯೂ ನಾಲ್ಕು ಪುಟ ಹಿಂದೆ ಬಿದ್ದಿತ್ತು. ಮಾರನೇ ದಿನ ನನ್ನ ಖರ್ಚಿನಲ್ಲೇ ಒಪ್ಪೋಲೆ (ತಪ್ಪು ತಿದ್ದಿದ ಚೀಟಿ) ಮಾಡಿಸಿ, 500 ಪ್ರತಿಗೂ ಕೂತು ಅಂಟಿಸಿದೆವು.

ಅವತ್ತಿನಿಂದ ಪರಿವಿಡಿಯನ್ನು ಕೈಯಿಂದ ಮುಟ್ಟುವುದಿಲ್ಲ. ಅಂಕಿ ಮಾತ್ರ ಅಲ್ಲ, ಅಂದಚೆಂದವನ್ನೂ ಕೈಯಿಂದ ತಿದ್ದುವುದಿಲ್ಲ. ಎಲ್ಲ ಸ್ಟೈಲ್‌ನಲ್ಲೇ ಆಗಬೇಕು. ಅಂಗಡಿಗೆ ಹೊಸಬರು ಕೆಲಸ ಕಲಿಯಲು ಬಂದಾಗ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇನ್‌ಡಿಸೈನ್ ಅನ್ನುವ ಪುಟ ವಿನ್ಯಾಸದ ತಂತ್ರಾಂಶದಲ್ಲಿ ಪುಟ ಕೂರಿಸಲು ಬರುತ್ತದೆ, ಪ್ಯಾರಾಗ್ರಾಫ್ ಸ್ಟೈಲ್ (ಒಂದು ಪ್ಯಾರಾದ ಅಕ್ಷರ, ಗಾತ್ರ, ಅಂತರ ಎಲ್ಲವನ್ನೂ ಒಂದು ಹೆಸರಿನಡಿ ಕಟ್ಟಿಟ್ಟದ್ದು) ಅಂದರೆ ಏನು ಅಂತ ಗೊತ್ತಿದೆ ಅಂದುಕೊಂಡಿದ್ದೇನೆ.

ಮೊದಲು ಒಳಗಿನ ಪುಟಗಳು

ಪರಿವಿಡಿಯ ಕೆಲಸ ಪರಿವಿಡಿ ಪುಟದಲ್ಲಿ ಶುರುವಾಗುವುದಿಲ್ಲ. ಇನ್‌ಡಿಸೈನ್ ಪುಸ್ತಕ ಓದಿ ಇದು ಶೀರ್ಷಿಕೆ ಅಂತ ಕಂಡುಹಿಡಿಯುವುದಿಲ್ಲ. ನೀವು ಹೇಳಿದ ಸ್ಟೈಲ್ ಯಾವ ಪ್ಯಾರಾಕ್ಕೆ ಇದೆಯೋ ಅದನ್ನು ಎತ್ತಿಕೊಂಡು ಬಂದು ಜೋಡಿಸುತ್ತದೆ, ಅಷ್ಟೇ. ಹಾಗಾಗಿ ಒಂದು ಶೀರ್ಷಿಕೆಯನ್ನು ಸುಮ್ನೆ ಬೋಲ್ಡ್ ಮಾಡಿ 18 ಪಾಯಿಂಟಿಗೆ ಏರಿಸಿ ಬಿಟ್ಟಿದ್ದರೆ ಅದು ಪರಿವಿಡಿಯಲ್ಲಿ ಬರುವುದೇ ಇಲ್ಲ. ವರ್ಡ್ ಫೈಲಿನಿಂದ ಬಂದ ಲೇಖನಗಳಲ್ಲಿ ಇದೇ ದೊಡ್ಡ ತಲೆನೋವು. ಬರೆದವರು ಒಬ್ಬೊಬ್ಬರು ಒಂದೊಂದು ರೀತಿ ಶೀರ್ಷಿಕೆ ಹಾಕಿರುತ್ತಾರೆ.

ಅಭಿನಂದನ ಗ್ರಂಥದ ಥರದ ಪುಸ್ತಕಕ್ಕೆ ನಾನು ನಾಲ್ಕು ಸ್ಟೈಲ್ ಇಟ್ಟುಕೊಳ್ಳುತ್ತೇನೆ. ಭಾಗದ ಹೆಸರಿಗೆ ಒಂದು. ಲೇಖನದ ಶೀರ್ಷಿಕೆಗೆ ಒಂದು. ಲೇಖಕರ ಹೆಸರಿಗೆ ಒಂದು. ಮುನ್ನುಡಿ, ಸಂಪಾದಕರ ಮಾತು ಇಂಥವುಗಳ ಶೀರ್ಷಿಕೆಗೆ ಬೇರೆ ಒಂದು. ಮುನ್ನುಡಿಗೂ ಲೇಖನಕ್ಕೂ ಶೀರ್ಷಿಕೆ ನೋಡಲು ಒಂದೇ ಥರ ಇದ್ದರೂ ಸ್ಟೈಲ್ ಬೇರೆ ಇರಲಿ. ಯಾಕೆ ಅಂತ ಮುಂದೆ ಅಂಕಿಯ ವಿಷಯ ಬಂದಾಗ ಹೇಳುತ್ತೇನೆ.

ಇನ್ನೊಂದು ಮಾತು. ಶೀರ್ಷಿಕೆ ಮತ್ತು ಲೇಖಕರ ಹೆಸರು ಒಂದೇ ಟೆಕ್ಸ್ಟ್ ಫ್ರೇಮಿನಲ್ಲಿ ಒಂದರ ಕೆಳಗೆ ಒಂದು ಇರಲಿ. ಚೆಂದಕ್ಕೆ ಅಂತ ಹೆಸರನ್ನು ಬೇರೆ ಫ್ರೇಮಿನಲ್ಲಿ ಹಾಕಿ ಪಕ್ಕಕ್ಕೋ ಮೇಲಕ್ಕೋ ಇಟ್ಟರೆ ಪರಿವಿಡಿಯಲ್ಲಿ ಹೆಸರು ಮೊದಲು, ಶೀರ್ಷಿಕೆ ಆಮೇಲೆ ಬಂದು ಕೂರಬಹುದು. ಆಗ ಒಬ್ಬರ ಲೇಖನ ಇನ್ನೊಬ್ಬರ ತಲೆಗೆ ಅಂಟಿದ ಹಾಗೆ ಕಾಣುತ್ತದೆ. ಅಭಿನಂದನ ಗ್ರಂಥದಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಇಲ್ಲ.

ಮೊದಲ ಸಲ ತೆಗೆದಾಗ ಕೆಟ್ಟದಾಗಿಯೇ ಬರುತ್ತದೆ

ಪರಿವಿಡಿಗೆ ಬೇಕಾದ ಪ್ಯಾರಾಗ್ರಾಫ್ ಸ್ಟೈಲ್‌ಗಳನ್ನೂ ಮೊದಲೇ ಮಾಡಿಟ್ಟುಕೊಳ್ಳಿ. ನಾನು ಪರಿ-ಭಾಗ, ಪರಿ-ಶೀರ್ಷಿಕೆ, ಪರಿ-ಲೇಖಕ, ಪರಿ-ಮುನ್ನುಡಿ ಅಂತ ಹೆಸರಿಡುತ್ತೇನೆ. ಒಳಗೆ ಏನೂ ಹೊಂದಿಸದೆ ಖಾಲಿ ಇದ್ದರೂ ಪರವಾಗಿಲ್ಲ, ಆಮೇಲೆ ತಿದ್ದಬಹುದು.

ಈಗ ಲೇಔಟ್ ಮೆನುವಿನಲ್ಲಿ ಟೇಬಲ್ ಆಫ್ ಕಂಟೆಂಟ್ಸ್ ಒತ್ತಿ. ಟೈಟಲ್ ಅಂತ ಇರುವಲ್ಲಿ ‘ಪರಿವಿಡಿ’ ಅಂತ ಬರೆಯಿರಿ. ಅದರ ಕೆಳಗೆ ಎರಡು ಪಟ್ಟಿ ಕಾಣುತ್ತವೆ. ಬಲಗಡೆ ಅದರ್ ಸ್ಟೈಲ್ಸ್, ಎಡಗಡೆ ಇನ್‌ಕ್ಲೂಡ್ ಪ್ಯಾರಾಗ್ರಾಫ್ ಸ್ಟೈಲ್ಸ್. ಬಲದಿಂದ ನಿಮ್ಮ ನಾಲ್ಕು ಸ್ಟೈಲ್‌ಗಳನ್ನು ಆಡ್ ಒತ್ತಿ ಎಡಕ್ಕೆ ತನ್ನಿ. ನಂತರ ಎಡಗಡೆಯ ಒಂದೊಂದನ್ನೂ ಆರಿಸಿ, ಕೆಳಗೆ ಎಂಟ್ರಿ ಸ್ಟೈಲ್‌ನಲ್ಲಿ ಅದರ ಜೋಡಿಯನ್ನು ಕೊಡಿ. ಲೇಖನದ ಶೀರ್ಷಿಕೆಗೆ ಪರಿ-ಶೀರ್ಷಿಕೆ, ಲೇಖಕರ ಹೆಸರಿಗೆ ಪರಿ-ಲೇಖಕ, ಹೀಗೆ. ಅಲ್ಲೇ ಮೋರ್ ಆಪ್ಷನ್ಸ್ ಬಟನ್ ಒತ್ತಿ ತೆರೆದುಕೊಳ್ಳಿ. ನಮಗೆ ಬೇಕಾದ್ದು ಮುಕ್ಕಾಲು ಪಾಲು ಅದರ ಹಿಂದೆ ಅಡಗಿದೆ.

ಲೆವೆಲ್ ಅಂತ ಒಂದು ಅಂಕಿ ಕೇಳುತ್ತದೆ. ಹೊಸಬರು ಇದನ್ನು ಬದಲಿಸಿ, ಸಾಲು ಯಾಕೆ ಒಳಗೆ ಸರಿಯುತ್ತಿಲ್ಲ ಅಂತ ಒದ್ದಾಡುತ್ತಾರೆ. ಅದು ಪಟ್ಟಿಯಲ್ಲಿ ಯಾವುದು ಯಾವುದರ ಕೆಳಗೆ ಅಂತ ತೋರಿಸಲು, ಪಿಡಿಎಫ್ ಬುಕ್‌ಮಾರ್ಕ್ ಜೋಡಿಸಲು ಇರುವುದು. ಸಾಲು ಒಳಗೆ ಸರಿಯಬೇಕಾದರೆ ಎಂಟ್ರಿ ಸ್ಟೈಲ್‌ನಲ್ಲೇ ಇಂಡೆಂಟ್ ಕೊಡಬೇಕು.

ಓಕೆ ಒತ್ತಿ, ಪರಿವಿಡಿ ಪುಟದ ಮೇಲೆ ಕ್ಲಿಕ್ ಮಾಡಿದರೆ ಸಾಲುಗಳು ಸುರಿಯುತ್ತವೆ. ಮತ್ತು ಗಾಬರಿಯಾಗುವ ಹಾಗೆ ಕಾಣುತ್ತವೆ. ಸಾಲು ಪೂರ್ತಿ ಗುಲಾಬಿ ಬಣ್ಣದ ಚೌಕಗಳು. ನಿಮ್ಮ ಶೀರ್ಷಿಕೆಗೆ ಯಾವ ಅಕ್ಷರ (ಫಾಂಟ್) ಇತ್ತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಪರಿವಿಡಿಯ ಸಾಲಿಗೆ ಎಂಟ್ರಿ ಸ್ಟೈಲ್‌ನ ಅಕ್ಷರ ಬರುತ್ತದೆ. ಖಾಲಿ ಸ್ಟೈಲ್‌ನಲ್ಲಿ ಸಾಮಾನ್ಯವಾಗಿ ಮಿನಿಯನ್ ಪ್ರೊ ಇರುತ್ತದೆ. ಅದರಲ್ಲಿ ಕನ್ನಡ ಇಲ್ಲ. ಪುಸ್ತಕ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿದ್ದರೆ (ಯುನಿಕೋಡ್ ಅಲ್ಲದ ಫಾಂಟ್) ಚೌಕ ಬರುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತದೆ. ಎರಡಕ್ಕೂ ಮದ್ದು ಒಂದೇ. ಎಂಟ್ರಿ ಸ್ಟೈಲ್ ತೆರೆದು ಸರಿಯಾದ ಅಕ್ಷರ ಕೊಡಿ. ಅರ್ಧ ಲೇಖನ ನುಡಿಯಲ್ಲಿ, ಅರ್ಧ ಯುನಿಕೋಡ್‌ನಲ್ಲಿ ಬಂದಿದ್ದರೆ ಮಾತ್ರ ಪುಟ ಕೂರಿಸುವ ಮೊದಲೇ ಎಲ್ಲವನ್ನೂ ಯುನಿಕೋಡ್‌ಗೆ ತಿರುಗಿಸಿಕೊಳ್ಳಿ. ಆಮೇಲೆ ಒಂದೊಂದೇ ಸಾಲು ತೇಪೆ ಹಾಕುತ್ತಾ ಕೂರಲು ಆಗುವುದಿಲ್ಲ.

ಅಕ್ಷರ ಸರಿಹೋಯಿತು. ಆದರೂ ‘ಪ್ರಾರಂಭ’ ಅನ್ನುವುದು ‘ಪ್‌ರಾರಂಭ’ ಅಂತ ಒತ್ತಕ್ಷರ ಬಿಚ್ಚಿಕೊಂಡು ನಿಂತಿದೆ. ಒಳಪುಟದಲ್ಲಿ ಸರಿಯಾಗಿದೆ, ಪರಿವಿಡಿಯಲ್ಲಿ ಮಾತ್ರ ಹೀಗೆ. ಇದು ನನ್ನನ್ನು ಒಂದು ಇಡೀ ಮಧ್ಯಾಹ್ನ ಕಾಡಿತ್ತು. ಅಕ್ಷರ ಹಾಳಾಗಿದೆ ಅಂತ ತೆಗೆದು ಮತ್ತೆ ಹಾಕಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ. ಕಾರಣ ಬೇರೆ ಇತ್ತು. ಯುನಿಕೋಡ್ ಕನ್ನಡ ಕೂಡಬೇಕಾದರೆ ಸ್ಟೈಲ್‌ನ ಜಸ್ಟಿಫಿಕೇಶನ್ ವಿಭಾಗದಲ್ಲಿ ಕಂಪೋಸರ್ ಅನ್ನುವಲ್ಲಿ ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಇರಬೇಕು. ಒಳಪುಟದ ಸ್ಟೈಲ್‌ಗೆ ಎಂದೋ ಕೊಟ್ಟಿದ್ದೆ. ಪರಿವಿಡಿಗೆ ಹೊಸದಾಗಿ ಮಾಡಿದ ಸ್ಟೈಲ್‌ಗೆ ಕೊಟ್ಟಿರಲಿಲ್ಲ. ಈಗ ಪರಿ-ಮೂಲ ಅಂತ ಒಂದು ಸ್ಟೈಲ್ ಮಾಡಿ, ಅಕ್ಷರ ಮತ್ತು ಕಂಪೋಸರ್ ಎರಡನ್ನೂ ಅದರಲ್ಲಿ ಹಾಕಿ, ಉಳಿದ ನಾಲ್ಕನ್ನೂ ಅದರ ಮೇಲೆ ಆಧರಿಸುತ್ತೇನೆ. ಒಂದು ಕಡೆ ಸರಿ ಮಾಡಿದರೆ ಎಲ್ಲ ಕಡೆ ಸರಿ.

ಒಂದು ಸಾಲನ್ನು ಕೂರಿಸುವುದು

ಇನ್ನು ನಿಜವಾದ ಕೆಲಸ. ಡೆಮಿ 1/8ರಲ್ಲಿ ಅಂಚು ಬಿಟ್ಟು ನನಗೆ ಸಿಗುವ ಸಾಲಿನ ಅಗಲ ಸುಮಾರು 102 ಮಿಲಿಮೀಟರ್. ಅಷ್ಟರಲ್ಲಿ ಕ್ರಮಸಂಖ್ಯೆ, ಶೀರ್ಷಿಕೆ, ಪುಟದ ಅಂಕಿ ಮೂರೂ ಕೂರಬೇಕು. ಶೀರ್ಷಿಕೆಗಳು ಚಿಕ್ಕದಾಗಿದ್ದರೆ ತೊಂದರೆ ಇಲ್ಲ. ಆದರೆ ಅಭಿನಂದನ ಗ್ರಂಥದಲ್ಲಿ ‘ಮಲೆನಾಡಿನ ಏಕೋಪಾಧ್ಯಾಯ ಶಾಲೆಗಳು ಮತ್ತು ಗ್ರಾಮೀಣ ಶಿಕ್ಷಣದ ಬದಲಾದ ಸ್ವರೂಪ’ ಅಂತ ಒಂದಾದರೂ ಇದ್ದೇ ಇರುತ್ತದೆ ಅಲ್ವಾ? ಅದು ಎರಡು ಸಾಲು ಆಗುತ್ತದೆ. ಮೊದಲ ಸಾಲು ಬಲಗಡೆ ಅಂಚಿನ ತನಕ ಹೋಗಿ ಅಂಕಿಗಳ ಕಂಬದೊಳಗೆ ನುಗ್ಗುತ್ತದೆ. ಎರಡನೇ ಸಾಲು ಎಡಗಡೆ ಕ್ರಮಸಂಖ್ಯೆಯ ಕೆಳಗೆ ಬಂದು ನಿಲ್ಲುತ್ತದೆ. ಎರಡೂ ಅಸಹ್ಯ.

ಎಡಗಡೆಯದು ಸುಲಭ. ಪರಿ-ಶೀರ್ಷಿಕೆಯಲ್ಲಿ ಲೆಫ್ಟ್ ಇಂಡೆಂಟ್ 8 ಮಿಲಿಮೀಟರ್, ಫಸ್ಟ್ ಲೈನ್ ಇಂಡೆಂಟ್ ಮೈನಸ್ 8. ಟ್ಯಾಬ್ಸ್‌ನಲ್ಲಿ 8ಕ್ಕೆ ಒಂದು ಎಡ ಟ್ಯಾಬ್. ಕ್ರಮಸಂಖ್ಯೆ ಹೊರಗೆ, ಶೀರ್ಷಿಕೆಯ ಎಲ್ಲ ಸಾಲೂ ಒಳಗೆ ಒಂದೇ ಗೆರೆಗೆ ಬರುತ್ತವೆ.

ಬಲಗಡೆಯದು ಬಹಳ ಜನಕ್ಕೆ ಗೊತ್ತಿಲ್ಲ. ರೈಟ್ ಇಂಡೆಂಟ್ 14 ಮಿಲಿಮೀಟರ್ ಕೊಡಿ. ಅಂದರೆ ಶೀರ್ಷಿಕೆ ಅಂಚಿಗಿಂತ 14 ಮಿಲಿಮೀಟರ್ ಮೊದಲೇ ತಿರುಗಿ ಕೆಳಗಿಳಿಯುತ್ತದೆ. ಹಾಗೇ ಬಿಟ್ಟರೆ ಪುಟದ ಅಂಕಿಯೂ ಒಳಗೇ ನಿಲ್ಲುತ್ತದಲ್ಲ? ಅದಕ್ಕೇ ಅದರ ಜೊತೆ ಲಾಸ್ಟ್ ಲೈನ್ ರೈಟ್ ಇಂಡೆಂಟ್ ಅನ್ನುವಲ್ಲಿ ಮೈನಸ್ 14 ಕೊಡಬೇಕು. ಕೊನೆಯ ಸಾಲಿಗೆ ಮಾತ್ರ ಅಂಚಿನ ತನಕ ಹೋಗಲು ರಜಾ ಸಿಕ್ಕಿತು. ಪುಟದ ಅಂಕಿ ಇರುವುದು ಕೊನೆಯ ಸಾಲಿನಲ್ಲೇ. ಹಾಗಾಗಿ ಶೀರ್ಷಿಕೆ ಒಂದು ಸಾಲಿರಲಿ ಮೂರು ಸಾಲಿರಲಿ, ಅಂಕಿಗಳೆಲ್ಲ ಕಂಬ ನೆಟ್ಟ ಹಾಗೆ ಬಲಕ್ಕೆ ನಿಲ್ಲುತ್ತವೆ, ಶೀರ್ಷಿಕೆ ಅವುಗಳ ತಂಟೆಗೆ ಹೋಗುವುದಿಲ್ಲ. ಇದನ್ನು ಮೊದಲ ಸಲ ಮಾಡಿ ನೋಡಿದಾಗ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದು ಮತ್ತೊಮ್ಮೆ ನೋಡಿದ್ದೆ. ಹೈಫನೇಶನ್ ತೆಗೆದುಬಿಡಿ. ಪರಿವಿಡಿಯಲ್ಲಿ ಪದ ಒಡೆಯುವುದು ಬೇಡ.

ಶೀರ್ಷಿಕೆಗೂ ಅಂಕಿಗೂ ನಡುವೆ ಏನು ಬರಬೇಕು ಅನ್ನುವುದನ್ನು ಬಿಟ್ವೀನ್ ಎಂಟ್ರಿ ಅಂಡ್ ನಂಬರ್ ಅನ್ನುವಲ್ಲಿ ಹೇಳಬೇಕು. ಅದರಲ್ಲಿ ಮೊದಲೇ ಟೋಪಿ ಗುರುತಿನ ಪಕ್ಕ ಒಂದು ಟಿ ಇರುತ್ತದೆ. ಅದು ಮಾಮೂಲಿ ಟ್ಯಾಬ್. ಪಕ್ಕದ ಬಾಣ ಒತ್ತಿದರೆ ರೈಟ್ ಇಂಡೆಂಟ್ ಟ್ಯಾಬ್ ಸಿಗುತ್ತದೆ. ಇದಕ್ಕೆ ಅಳತೆಯೇ ಬೇಡ, ಅಂಕಿಯನ್ನು ತಾನೇ ಬಲ ಅಂಚಿಗೆ ತಳ್ಳುತ್ತದೆ. ಫ್ರೇಮಿನ ಅಗಲ ಬದಲಾದರೂ ಚಿಂತೆ ಇಲ್ಲ. ಚುಕ್ಕಿ ಬೇಡದ ಪುಸ್ತಕಕ್ಕೆ ನಾನು ಇದನ್ನೇ ಹಾಕುತ್ತೇನೆ. ಚುಕ್ಕಿ ಬೇಕಾದರೆ ಮಾಮೂಲಿ ಟ್ಯಾಬ್ ಇಟ್ಟು, ಸ್ಟೈಲ್‌ನ ಟ್ಯಾಬ್ಸ್‌ನಲ್ಲಿ 102ಕ್ಕೆ ಒಂದು ಬಲ ಟ್ಯಾಬ್ ನೆಟ್ಟು, ಲೀಡರ್ ಅನ್ನುವ ಖಾನೆಯಲ್ಲಿ ಚುಕ್ಕಿ ಹಾಕುವುದು.

ಚುಕ್ಕಿಯ ವಿಷಯದಲ್ಲಿ ನನ್ನದೊಂದು ತಕರಾರಿದೆ. ಬರೀ ಚುಕ್ಕಿ ಒಂದನ್ನೇ ಕೊಟ್ಟರೆ ಇರುವೆ ಸಾಲಿನ ಹಾಗೆ ಒತ್ತೊತ್ತಾಗಿ ಬರುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಗೆರೆಯ ಕೆಳಗೆ ಇಳಿದು ಮೊದಲೇ ಜಾಗ ತುಂಬಿರುತ್ತವೆ. ಅದರ ಪಕ್ಕದಲ್ಲೇ ಈ ಇರುವೆ ಸಾಲು ಬಂದರೆ ಪುಟ ಕಪ್ಪಗಾಗುತ್ತದೆ. ಲೀಡರ್ ಖಾನೆಯಲ್ಲಿ ಎಂಟು ಅಕ್ಷರದ ತನಕ ಹಿಡಿಯುತ್ತದೆ. ಒಂದು ಚುಕ್ಕಿ, ಎರಡು ಸ್ಪೇಸ್ ಕೊಟ್ಟು ನೋಡಿ. ಗಾಳಿ ಆಡುತ್ತದೆ. ಇನ್ನೂ ತೆಳ್ಳಗೆ ಬೇಕಾದರೆ ಬಿಟ್ವೀನ್ ಖಾನೆಯ ಪಕ್ಕದಲ್ಲೇ ಸ್ಟೈಲ್ ಅಂತ ಇದೆ. ಅಲ್ಲಿ 8 ಪಾಯಿಂಟಿನ, ಬೂದು ಬಣ್ಣದ ಕ್ಯಾರೆಕ್ಟರ್ ಸ್ಟೈಲ್ (ಪೂರ್ತಿ ಪ್ಯಾರಾಕ್ಕಲ್ಲ, ಕೆಲವು ಅಕ್ಷರಕ್ಕೆ ಮಾತ್ರ ಕೊಡುವ ಸ್ಟೈಲ್) ಒಂದನ್ನು ಕೊಟ್ಟರೆ ಚುಕ್ಕಿಗಳಿಗೆ ಮಾತ್ರ ಅದು ಹತ್ತುತ್ತದೆ.

ಸಾಲಿನ ಅಂತರವನ್ನೂ ಧಾರಾಳವಾಗಿ ಕೊಡಿ. ಇಂಗ್ಲಿಷ್ ಪುಸ್ತಕದ ಲೆಕ್ಕದಲ್ಲಿ 11 ಪಾಯಿಂಟಿನ ಅಕ್ಷರಕ್ಕೆ 13 ಪಾಯಿಂಟ್ ಅಂತರ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನೋಟೊ ಸೆರಿಫ್ ಕನ್ನಡ 11 ಪಾಯಿಂಟಿಗೆ ನಾನು 17 ಕೊಡುತ್ತೇನೆ.

ಕನ್ನಡ ಅಂಕಿ ಬೇಕು ಅಂದರೆ

ಕವನ ಸಂಕಲನದವರು ಬಹಳ ಜನ ಪುಟದ ಅಂಕಿ ಕನ್ನಡದಲ್ಲೇ ಇರಲಿ ಅನ್ನುತ್ತಾರೆ. ಇದಕ್ಕೆ ನಮ್ಮ ಅಂಗಡಿಯ ಒಂದು ಉಪಾಯ ಇದೆ. ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಒಂದೇ ಅಕ್ಷರ ಎರಡು ಥರ ಬರುತ್ತಿತ್ತು. ಹೆಸರಿನ ಕೊನೆಗೆ ಇ ಇದ್ದರೆ ಇಂಗ್ಲಿಷ್ ಅಂಕಿ, ಕೆ ಇದ್ದರೆ ಕನ್ನಡ ಅಂಕಿ. ನುಡಿ 01 ಕೆ ಅಕ್ಷರದಲ್ಲಿ ಮಾಮೂಲಿ 4 ಒತ್ತಿದರೂ ಕಾಣುವುದು ಕನ್ನಡದ ನಾಲ್ಕು. ಇನ್‌ಡಿಸೈನ್ ಪುಟಕ್ಕೆ ಹಾಕುವುದು ಮಾಮೂಲಿ ಅಂಕಿಯನ್ನೇ. ಅದಕ್ಕೆ ಈ ಅಕ್ಷರ ತೊಡಿಸಿದರೆ ಕನ್ನಡ ಅಂಕಿ ಆಯಿತು.

ಹೀಗೆ ಮಾಡಿ. ಪುಟ-ಅಂಕಿ ಅಂತ ಒಂದು ಕ್ಯಾರೆಕ್ಟರ್ ಸ್ಟೈಲ್ ಮಾಡಿ, ಅದಕ್ಕೆ ನುಡಿ 01 ಕೆ ಕೊಡಿ. ಗಾತ್ರ ಪಕ್ಕದ ಅಕ್ಷರಕ್ಕೆ ಹೊಂದುವ ಹಾಗೆ ಅರ್ಧ ಪಾಯಿಂಟ್ ಹೆಚ್ಚುಕಡಿಮೆ ಮಾಡಿ. ಪರಿವಿಡಿಯ ಕಿಟಕಿಯಲ್ಲಿ ಪೇಜ್ ನಂಬರ್ ಅನ್ನುವುದರ ಪಕ್ಕದ ಸ್ಟೈಲ್‌ನಲ್ಲಿ ಇದನ್ನು ಆರಿಸಿ. ಮಾಸ್ಟರ್ ಪೇಜಿನಲ್ಲಿರುವ (ಎಲ್ಲ ಪುಟಕ್ಕೂ ಮಾದರಿಯಾದ ಪುಟ, ಹೊಸ ಆವೃತ್ತಿಗಳಲ್ಲಿ ಪೇರೆಂಟ್ ಪೇಜ್ ಅನ್ನುತ್ತಾರೆ) ಪುಟಸಂಖ್ಯೆಗೂ ಇದನ್ನೇ ಕೊಡಿ. ಇಲ್ಲದಿದ್ದರೆ ಪರಿವಿಡಿಯಲ್ಲಿ ಕನ್ನಡ ಅಂಕಿ, ಪುಟದಲ್ಲಿ ಇಂಗ್ಲಿಷ್ ಅಂಕಿ ಆಗುತ್ತದೆ. ಸಾಲಿನ ಮೊದಲಿಗೆ ಕ್ರಮಸಂಖ್ಯೆ ಇದ್ದರೆ ಅದಕ್ಕೆ ಪರಿ-ಶೀರ್ಷಿಕೆಯ ನೆಸ್ಟೆಡ್ ಸ್ಟೈಲ್‌ನಲ್ಲಿ (ಸಾಲಿನ ಒಂದು ಭಾಗಕ್ಕೆ ತಾನಾಗಿ ಹತ್ತುವ ಸ್ಟೈಲ್) ಪುಟ-ಅಂಕಿಯನ್ನು ಮೊದಲ ಟ್ಯಾಬ್‌ನ ತನಕ ಅಂತ ಹೇಳಿದರೆ ಮುಗಿಯಿತು. ಸಂಖ್ಯೆ ಆದ ಮೇಲೆ ಟ್ಯಾಬ್ ಇರಬೇಕು, ಅದನ್ನು ಮರೆಯಬೇಡಿ.

ಇಲ್ಲೊಂದು ಗುಂಡಿ ಇದೆ. ಮುನ್ನುಡಿಯ ಪುಟಗಳಿಗೆ ಸಣ್ಣ ರೋಮನ್ ಸಂಖ್ಯೆ ಹಾಕಿರುತ್ತೇವೆ. ಅವು ಅಂಕಿಗಳಲ್ಲ, ಇಂಗ್ಲಿಷ್ ಅಕ್ಷರಗಳು. ನುಡಿಯ ಆಸ್ಕಿ ಅಕ್ಷರದಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳು ಕೂತಿವೆ. ಹಾಗಾಗಿ ಮುನ್ನುಡಿಯ ಎದುರು ಪುಟಸಂಖ್ಯೆಯ ಬದಲು ಏನೋ ಒಂದು ಅರ್ಧ ಅಕ್ಷರ ಬಂದು ನಿಲ್ಲುತ್ತದೆ. ಮುನ್ನುಡಿಗೆ ಬೇರೆ ಸ್ಟೈಲ್ ಇರಲಿ ಅಂದದ್ದು ಇದಕ್ಕೇ. ಪೇಜ್ ನಂಬರಿನ ಸ್ಟೈಲ್ ಒಂದೊಂದು ಸಾಲಿಗೂ ಬೇರೆ ಬೇರೆ ಕೊಡಬಹುದು. ಮುನ್ನುಡಿಗೆ ಅದನ್ನು ಖಾಲಿ ಬಿಡಿ. ಇನ್ನೂ ಒಂದು. ಇದು ಕಾಗದದ ಪುಸ್ತಕಕ್ಕೆ ಮಾತ್ರ ಸರಿಹೋಗುವ ಉಪಾಯ. ಪಿಡಿಎಫ್‌ನಿಂದ ನಕಲು ಮಾಡಿದರೆ ಇಂಗ್ಲಿಷ್ ಅಂಕಿಯೇ ಬರುತ್ತದೆ.

ಲೇಖಕರ ಸಾಲು

ಪುಟದ ಅಂಕಿ ಶೀರ್ಷಿಕೆಯ ಸಾಲಿನಲ್ಲಿರಬೇಕೋ ಲೇಖಕರ ಸಾಲಿನಲ್ಲಿರಬೇಕೋ? ನಾನು ಶೀರ್ಷಿಕೆಗೆ ಕೊಡುತ್ತೇನೆ, ಲೇಖಕರ ಸಾಲಿಗೆ ಪೇಜ್ ನಂಬರ್‌ನಲ್ಲಿ ನೋ ಪೇಜ್ ನಂಬರ್ ಆರಿಸುತ್ತೇನೆ. ಎರಡಕ್ಕೂ ಬಿಟ್ಟರೆ ಒಂದೇ ಅಂಕಿ ಎರಡು ಸಲ ಬರುತ್ತದೆ. ಭಾಗದ ಹೆಸರಿಗೂ ಅಂಕಿ ಬೇಡ. ಲೇಖಕರ ಸಾಲು 9.5 ಪಾಯಿಂಟ್, ಶೀರ್ಷಿಕೆಯ ನೇರಕ್ಕೇ 8 ಮಿಲಿಮೀಟರ್ ಒಳಗೆ, ಕೆಳಗೆ 2 ಮಿಲಿಮೀಟರ್ ಜಾಗ. ಇಟಾಲಿಕ್ ಬೇಡ. ಕನ್ನಡ ಅಕ್ಷರವನ್ನು ವಾಲಿಸಿದರೆ ಗಾಳಿಗೆ ಬಿದ್ದ ಬಾಳೆಗಿಡದ ಹಾಗೆ ಕಾಣುತ್ತದೆ. ಬೇರೆ ತೋರಿಸಬೇಕಾದರೆ ತೆಳು ಅಕ್ಷರ ಹಾಕಿ, ಇಲ್ಲವೇ ಬೂದು ಬಣ್ಣ.

ಕೀಪ್ ಆಪ್ಷನ್ಸ್‌ನಲ್ಲಿ ಪರಿ-ಶೀರ್ಷಿಕೆಗೆ ಕೀಪ್ ವಿತ್ ನೆಕ್ಸ್ಟ್ 1 ಸಾಲು ಕೊಡಿ. ಶೀರ್ಷಿಕೆ ಈ ಪುಟದ ತಳದಲ್ಲಿ, ಲೇಖಕರ ಹೆಸರು ಮುಂದಿನ ಪುಟದ ತಲೆಯಲ್ಲಿ ಆಗುವುದು ತಪ್ಪುತ್ತದೆ. ಪರಿ-ಭಾಗಕ್ಕೆ 2 ಕೊಡಿ.

ಶೀರ್ಷಿಕೆ ಒಂದು, ಪರಿವಿಡಿಯಲ್ಲಿ ಇನ್ನೊಂದು

ಒಳಪುಟದಲ್ಲಿ ಉದ್ದದ ಶೀರ್ಷಿಕೆಯನ್ನು ಚೆಂದವಾಗಿ ಎರಡು ಸಾಲು ಮಾಡಲು ಶಿಫ್ಟ್ ಎಂಟರ್ ಒತ್ತುವ ಅಭ್ಯಾಸ ಎಲ್ಲರಿಗೂ ಇದೆ. ಅದು ಪರಿವಿಡಿಗೂ ಬಂದು, ಬೇಡದ ಜಾಗದಲ್ಲಿ ಸಾಲು ಮುರಿಯುತ್ತದೆ. ಪರಿವಿಡಿಯಲ್ಲಿ ಅಳಿಸಿದರೆ ಮುಂದಿನ ಅಪ್‌ಡೇಟ್‌ಗೆ ವಾಪಸ್ ಬರುತ್ತದೆ. ಒಳಪುಟದಲ್ಲಿ ಶಿಫ್ಟ್ ಎಂಟರ್ ತೆಗೆದು, ಆ ಶೀರ್ಷಿಕೆಗೆ ಮಾತ್ರ ರೈಟ್ ಇಂಡೆಂಟ್ ಜಾಸ್ತಿ ಮಾಡಿ. ಬೇಕಾದ ಪದದ ಹತ್ತಿರ ತಾನೇ ತಿರುಗುತ್ತದೆ.

ಇನ್ನೊಂದು ಪ್ರಸಂಗ. ಹೋದ ವರ್ಷ ಒಂದು ಕವನ ಸಂಕಲನದಲ್ಲಿ ಭಾಗಗಳ ಹೆಸರನ್ನು ಕಲಾವಿದರೊಬ್ಬರು ಕುಂಚದಲ್ಲಿ ಬರೆದುಕೊಟ್ಟಿದ್ದರು. ಸ್ಕ್ಯಾನ್ ಮಾಡಿ ಚಿತ್ರವಾಗಿ ಇಟ್ಟೆವು. ಪರಿವಿಡಿ ತೆಗೆದರೆ ಭಾಗಗಳೇ ಇಲ್ಲ. ಚಿತ್ರವನ್ನು ಇನ್‌ಡಿಸೈನ್ ಹೇಗೆ ಓದೀತು? ನಮ್ಮ ಹುಡುಗ, ‘ಅಕ್ಕಾ, ಇದೊಂದು ಮೂರು ಸಾಲು ತಾನೇ, ಕೈಯಲ್ಲೇ ಸೇರಿಸಿಬಿಡ್ಲಾ?’ ಅಂದ. ನಾನು ಗೋಡೆಯ ಕಡೆ ಕೈ ತೋರಿಸಿದೆ. ಆ ಹಳೆಯ ಒಪ್ಪೋಲೆಯ ಒಂದು ಪ್ರತಿಯನ್ನು ಅಲ್ಲಿ ಅಂಟಿಸಿಟ್ಟಿದ್ದೇನೆ.

ಮಾಡಬೇಕಾದ್ದು ಇಷ್ಟು. ಆ ಚಿತ್ರದ ಪುಟದಲ್ಲೇ ಒಂದು ಸಣ್ಣ ಟೆಕ್ಸ್ಟ್ ಫ್ರೇಮ್ ಹಾಕಿ, ಭಾಗದ ಹೆಸರು ಬರೆದು, ಭಾಗದ ಸ್ಟೈಲ್ ಕೊಡಿ. ಆಮೇಲೆ ವಿಂಡೋ ಮೆನುವಿನ ಔಟ್‌ಪುಟ್ ಒಳಗೆ ಆಟ್ರಿಬ್ಯೂಟ್ಸ್ ತೆರೆದು ನಾನ್‌ಪ್ರಿಂಟಿಂಗ್ ಗುರುತು ಹಾಕಿ. ಫ್ರೇಮ್ ಇರುತ್ತದೆ, ಅಚ್ಚಾಗುವುದಿಲ್ಲ. ಪರಿವಿಡಿ ಮಾತ್ರ ಅದನ್ನು ಎತ್ತಿಕೊಳ್ಳುತ್ತದೆ. ಮೂರು ಸಾಲಿನ ಶೀರ್ಷಿಕೆಯನ್ನು ಪರಿವಿಡಿಯಲ್ಲಿ ಗಿಡ್ಡ ಮಾಡಿ ತೋರಿಸಬೇಕಾದರೂ ಇದೇ ದಾರಿ. ಗಿಡ್ಡ ಹೆಸರಿಗೆ ಬೇರೆ ಸ್ಟೈಲ್ ಇಟ್ಟು ಅದನ್ನು ಪಟ್ಟಿಗೆ ಸೇರಿಸಿ, ಆ ಉದ್ದದ ಶೀರ್ಷಿಕೆಗೆ ಪಟ್ಟಿಯಲ್ಲಿಲ್ಲದ ಸ್ಟೈಲ್ ಕೊಡಿ. ಇಲ್ಲದಿದ್ದರೆ ಎರಡೂ ಬರುತ್ತವೆ.

ಎರಡು ಸಲ ಅಪ್‌ಡೇಟ್

ಪರಿವಿಡಿ ತಾನಾಗಿ ಬದಲಾಗುವುದಿಲ್ಲ. ಒಳಗೆ ಏನೇ ತಿದ್ದಿದರೂ, ಕರ್ಸರನ್ನು ಪರಿವಿಡಿಯ ಫ್ರೇಮಿನೊಳಗೆ ಇಟ್ಟು ಲೇಔಟ್ ಮೆನುವಿನಲ್ಲಿ ಅಪ್‌ಡೇಟ್ ಟೇಬಲ್ ಆಫ್ ಕಂಟೆಂಟ್ಸ್ ಒತ್ತಬೇಕು. ಕರ್ಸರ್ ಬೇರೆ ಕಡೆ ಇದ್ದರೆ ಆ ಮೆನು ಮಸುಕಾಗಿರುತ್ತದೆ.

ಮುನ್ನುಡಿಯಿಂದ ಕೊನೆಯ ತನಕ ಒಂದೇ ಓಟದಲ್ಲಿ ಪುಟಸಂಖ್ಯೆ ಹಾಕುವ ಪುಸ್ತಕವಾದರೆ ಎರಡು ಸಲ ಒತ್ತಿ. ಮೊದಲ ಸಲಕ್ಕೆ ಪರಿವಿಡಿ ಮೂರು ಪುಟದಿಂದ ನಾಲ್ಕಕ್ಕೆ ಹೋದರೆ, ನೀವು ಅದಕ್ಕೆ ಒಂದು ಪುಟ ಸೇರಿಸುತ್ತೀರಿ. ಆಗ ಅದರ ನಂತರದ್ದೆಲ್ಲ ಒಂದು ಪುಟ ಸರಿಯುತ್ತದೆ, ಪರಿವಿಡಿಯಲ್ಲಿ ಹಳೆಯ ಅಂಕಿಯೇ ಉಳಿದಿರುತ್ತದೆ. ಈ ರಗಳೆ ಬೇಡ ಅಂದರೆ ಲೇಔಟ್‌ನ ನಂಬರಿಂಗ್ ಅಂಡ್ ಸೆಕ್ಷನ್ ಆಪ್ಷನ್ಸ್‌ನಲ್ಲಿ ಮೊದಲ ಲೇಖನದ ಪುಟವನ್ನು 1 ಅಂತ ಶುರು ಮಾಡಿ, ಅದರ ಹಿಂದಿನವಕ್ಕೆ ರೋಮನ್ ಕೊಡಿ. ಪರಿವಿಡಿ ಎಷ್ಟೇ ಬೆಳೆದರೂ ಲೇಖನಗಳ ಅಂಕಿ ಕದಲುವುದಿಲ್ಲ.

ಕ್ರಿಯೇಟ್ ಪಿಡಿಎಫ್ ಬುಕ್‌ಮಾರ್ಕ್ಸ್ ಗುರುತು ಯುನಿಕೋಡ್ ಪುಸ್ತಕಕ್ಕೆ ಹಾಕಿ, ನುಡಿ ಆಸ್ಕಿಯದಕ್ಕೆ ಬೇಡ. ಬುಕ್‌ಮಾರ್ಕಿಗೆ ನಿಮ್ಮ ಅಕ್ಷರ ಹೋಗುವುದಿಲ್ಲ, ಮತ್ತೆ ಅದೇ ಚಿತ್ರಾನ್ನ ಆಗುತ್ತದೆ. ದೊಡ್ಡ ಪುಸ್ತಕವನ್ನು ನಾಲ್ಕೈದು ಫೈಲ್ ಮಾಡಿ ಬುಕ್ ಫೈಲಿನಲ್ಲಿ ಕಟ್ಟಿದ್ದರೆ ಇನ್‌ಕ್ಲೂಡ್ ಬುಕ್ ಡಾಕ್ಯುಮೆಂಟ್ಸ್ ಗುರುತು ಇರಲಿ.

ಎಲ್ಲ ಹೊಂದಿದ ಮೇಲೆ ಅದೇ ಕಿಟಕಿಯಲ್ಲಿ ಸೇವ್ ಸ್ಟೈಲ್ ಒತ್ತಿ ಒಂದು ಹೆಸರು ಕೊಡಿ. ಮುಂದಿನ ಪುಸ್ತಕದಲ್ಲಿ ಲೇಔಟ್ ಮೆನುವಿನ ಟೇಬಲ್ ಆಫ್ ಕಂಟೆಂಟ್ಸ್ ಸ್ಟೈಲ್ಸ್‌ನಿಂದ ಲೋಡ್ ಮಾಡಿಕೊಳ್ಳಬಹುದು. ನಮ್ಮಲ್ಲಿ ‘ಡೆಮಿ ಲೇಖನ’, ‘ಡೆಮಿ ಕವನ’ ಅಂತ ಎರಡಿವೆ. ಹತ್ತರಲ್ಲಿ ಎಂಟು ಪುಸ್ತಕ ಅವೆರಡರಲ್ಲೇ ಮುಗಿಯುತ್ತವೆ.

ಪಿಡಿಎಫ್ ಪ್ರೆಸ್ಸಿಗೆ ಹೋಗುವ ಮುಂಚೆ ಕೊನೆಯ ಕೆಲಸ ಒಂದಿದೆ. ಇದನ್ನು ಇನ್‌ಡಿಸೈನ್‌ನಲ್ಲಿ ಮಾಡುವುದಿಲ್ಲ, ಕಳಿಸಲಿರುವ ಪಿಡಿಎಫ್‌ನಲ್ಲೇ ಮಾಡುತ್ತೇವೆ. ಪರಿವಿಡಿಯ ಪುಟಗಳನ್ನು ಮಾತ್ರ ಪ್ರಿಂಟ್ ತೆಗೆದು ಹುಡುಗನ ಕೈಗೆ ಕೊಡುತ್ತೇನೆ. ಅವನು ‘ನೂರಾ ತೊಂಬತ್ತೊಂದು’ ಅಂತ ಕೂಗುತ್ತಾನೆ. ನಾನು ಪುಟ ತೆಗೆದು ಅಲ್ಲಿರುವ ಶೀರ್ಷಿಕೆ ಓದುತ್ತೇನೆ. ಅವನು ಪೆನ್ಸಿಲ್‌ನಲ್ಲಿ ಒಂದು ಗೀಟು ಹಾಕುತ್ತಾನೆ. 47 ಲೇಖನಕ್ಕೆ ಹತ್ತು ನಿಮಿಷ.